ಎರಡನೆಯ ನೀಲಾಂಜನೆ: ಕಥನದಲ್ಲಿ ಪ್ರೇಕ್ಷಕೋಪಚಾರದ ವಿಚಾರ

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿಯು ಸಿಕ್ಕುವುದು. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಅಲ್ಲಿ ಒತ್ತಿನಲ್ಲಿಯೇ ನಿಂತಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದನು. ಹೊಯ್ಸಳೇಶ್ವರದ ಹೊರಗೋಡೆಗಳ ಮೇಲೆ ದೇವತೆಗಳೂ ನರ್ತಕಿಯರೂ ತೆರಪಿಲ್ಲದಂತೆ ತುಂಬಿರುವರು. ಬಸದಿಗಳ ಹೊರಗೋಡೆಗಳಾದರೋ ಬಹುಮಟ್ಟಿಗೆ ಬರಿದಾಗಿವೆ. ಒಂದೇ ರಾಜಧಾನಿಯಲ್ಲಿ, ಒಂದೇ ಶತಮಾನದಲ್ಲಿ, ನೋಡುವವನ ಕಣ್ಣಿಗೆ ಇಷ್ಟು ಭಿನ್ನವಾದ ಎರಡು ಬಗೆಯ ಉಪಚಾರವು ನಡೆದಿರುವುದನ್ನು ಕಂಡಾಗ, ಕಾವ್ಯದ ವಿಷಯದಲ್ಲಿಯೂ ಒಂದು ಪ್ರಶ್ನೆಯು ಹುಟ್ಟುವುದು. ಕೇಳುವವನನ್ನು ಮೆಚ್ಚಿಸುವುದಕ್ಕಾಗಿಯೇ ಕವಿಯು ತಂದಿರಿಸುವ ಶೃಂಗಾರದಿಂದ ಕಥೆಗೆ ಬಲವು ಬರುವುದೋ, ಹಾನಿಯು ತಟ್ಟುವುದೋ?

ಈ ಪ್ರಶ್ನೆಯು ಈಗ ಹೊಸದೊಂದು ಹೆಸರಿನಿಂದ ನಮ್ಮ ತರಗತಿಗಳಿಗೆ ಬಂದಿರುವುದು. ಜಪಾನಿನ ಅನಿಮೆ ಎಂಬ ಚಿತ್ರಕಥನಗಳಲ್ಲಿ, ಕಥೆಯು ಬೇಡದಿದ್ದರೂ ನೋಡುಗರ ಆಸೆಯನ್ನು ತಣಿಸಲೆಂದು ಸೇರಿಸುವ ದೃಶ್ಯಗಳಿಗೆ ‘ಫ್ಯಾನ್ ಸರ್ವಿಸ್’ ಎಂದು ಹೆಸರು. ಸ್ತ್ರೀಯರ ಅಂಗಾಂಗಗಳ ಪ್ರದರ್ಶನವೇ ಇದರ ಸಾಮಾನ್ಯ ರೂಪವು. ಈ ಲೇಖನದಲ್ಲಿ ಇದನ್ನು ಪ್ರೇಕ್ಷಕೋಪಚಾರವೆಂದು ಕರೆಯುವೆವು. ಹೆಸರು ಹೊಸದಾದರೂ ಸಂಗತಿಯು ಹೊಸದಲ್ಲ. ಹದಿನೆಂಟು ವರ್ಣನೆಗಳಿಲ್ಲದೆ ಮಹಾಕಾವ್ಯವಿಲ್ಲವೆಂದು ನಂಬಿದ್ದ ನಮ್ಮ ಚಂಪೂಕವಿಗಳು ವನವಿಹಾರ, ಜಲಕ್ರೀಡೆ, ಮಧುಪಾನ, ಸುರತಗಳನ್ನು ಸಭೆಯ ರಸಿಕರಿಗಾಗಿ ತಪ್ಪದೆ ಬಡಿಸಿದರು. ಆದುದರಿಂದ ನಮ್ಮ ಕಾವ್ಯಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ಈ ವಿಚಾರವನ್ನು ನಡೆಸುವುದು ಯುಕ್ತವು.

ಆಲಂಕಾರಿಕರು ಈ ದೋಷವನ್ನು ಅರಿಯದವರಲ್ಲ. ಭಟ್ಟನಾರಾಯಣನ ವೇಣೀಸಂಹಾರದ ಎರಡನೆಯ ಅಂಕದಲ್ಲಿ, ಅನೇಕ ವೀರರು ಮಡಿಯುತ್ತಿರುವಾಗ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗುವುದನ್ನು ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಕ್ಕೆ ಉದಾಹರಣೆಯಾಗಿ ಎತ್ತಿರುವನು. ಆತನು ನಿಂದಿಸುವುದು ಶೃಂಗಾರವನ್ನಲ್ಲ, ಅದರ ಅಕಾಲವನ್ನು. ಈ ನಿರ್ಣಯವು ಸರಿಯಾದುದೇ. ಆದರೂ ಕಾಲದ ಔಚಿತ್ಯವೊಂದರಿಂದಲೇ ಎಲ್ಲವೂ ತೀರ್ಮಾನವಾಗಲಾರದು. ಸಕಾಲದಲ್ಲಿ ಬಂದ ಶೃಂಗಾರವೂ ಕಥೆಗೆ ಹೊರೆಯಾಗಿರುವುದುಂಟು. ಇದಕ್ಕಿಂತ ಸೂಕ್ಷ್ಮವಾದ ಒರೆಗಲ್ಲೊಂದು ಪಂಪನ ಆದಿಪುರಾಣದಲ್ಲಿಯೇ ದೊರೆಯುವುದೆಂದು ನಮ್ಮ ಅಭಿಪ್ರಾಯವು.

೯೪೧ರಲ್ಲಿ ರಚಿತವಾದ ಆ ಕಾವ್ಯದ ನೀಲಾಂಜನೆಯ ಪ್ರಸಂಗವನ್ನು ಅರಿಯದವರು ವಿರಳ. ರಾಜ್ಯಭೋಗದಲ್ಲಿ ಮುಳುಗಿದ್ದ ಆದಿದೇವನಿಗೆ ವೈರಾಗ್ಯವನ್ನು ಹುಟ್ಟಿಸಬೇಕೆಂದು ಇಂದ್ರನು, ಆಯುಸ್ಸು ಮುಗಿಯಲಿರುವ ನೀಲಾಂಜನೆಯೆಂಬ ದೇವನರ್ತಕಿಯನ್ನು ಆಸ್ಥಾನದಲ್ಲಿ ಕುಣಿಸುವನು. ಕುಣಿಯುತ್ತಿರುವಾಗಲೇ ಅವಳು ಮಿಂಚಿನಂತೆ ಮಾಯವಾಗುವಳು. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಮತ್ತೊಬ್ಬಳನ್ನು ನಿರ್ಮಿಸಿ ಅದೇ ಸ್ಥಾನದಲ್ಲಿ ನಿಲ್ಲಿಸುವನು. ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನೇ ಅದನ್ನು ಕಂಡು ವಿರಕ್ತನಾಗುವನು.

ಈ ಪ್ರಸಂಗದ ಮೂಲವು ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿರುವುದು. ಪಂಪನ ಕೈಯಲ್ಲಿ ಅದು ಕನ್ನಡದ ಸಂಪತ್ತಾಯಿತು. ವಿಮರ್ಶಕರು ಮೊದಲನೆಯ ನೀಲಾಂಜನೆಯ ಸಾವನ್ನು ಬಹಳವಾಗಿ ಕೊಂಡಾಡಿರುವರು. ನಾವು ವಾಚಕರ ಗಮನವನ್ನು ಸೆಳೆಯಬೇಕೆಂದಿರುವುದು ಎರಡನೆಯವಳ ಕಡೆಗೆ. ಪ್ರೇಕ್ಷಕೋಪಚಾರವೆಂಬುದು ಅವಳೇ. ಅವಳಿಗೆ ಹಿಂದಿನ ಕಥೆಯಿಲ್ಲ, ಮುಂದಿನ ಗತಿಯಿಲ್ಲ; ನೋಡುವವರ ಸುಖವು ಕಡಿಯದಿರಲೆಂಬುದೊಂದೇ ಅವಳ ಹುಟ್ಟಿಗೆ ಕಾರಣವು. ರೂಪದಲ್ಲಿ, ಲಯದಲ್ಲಿ, ಹಾವಭಾವದಲ್ಲಿ ಇಬ್ಬರಿಗೂ ಭೇದವಿಲ್ಲ. ಮೊದಲನೆಯವಳ ನೃತ್ಯವು ಒಬ್ಬನ ಬಾಳನ್ನು ತಿರುಗಿಸಿತು. ಎರಡನೆಯವಳ ನೃತ್ಯವು ಸಭೆಯನ್ನು ಇದ್ದಂತೆಯೇ ಇರಿಸಿತು. ಆದುದರಿಂದ ಸೌಂದರ್ಯವು ಎಷ್ಟಿರುವುದು, ಶೃಂಗಾರವು ಎಷ್ಟು ಗಾಢವಾಗಿರುವುದು ಎಂಬ ಅಳತೆಯಿಂದ ಗುಣದೋಷಗಳನ್ನು ನಿರ್ಣಯಿಸಲಾಗದು. ನೋಟದ ನಂತರ ಕಥೆಯಲ್ಲಿ ಏನು ಬದಲಾಯಿತೆಂದು ಕೇಳಬೇಕು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನೃತ್ಯವನ್ನು ಓದುಗನು ಮನಸಾರ ಮೆಚ್ಚದಿದ್ದರೆ ಅದರ ಲಯವು ಅವನನ್ನು ಕಲಕದು. ಪಂಪನು ಶೃಂಗಾರದಲ್ಲಿ ಜಿಪುಣತನವನ್ನು ತೋರಿದ್ದರೆ ವೈರಾಗ್ಯವು ಬರಿಯ ಉಪದೇಶವಾಗುತ್ತಿದ್ದಿತು. ಅದೇ ಕಾವ್ಯದಲ್ಲಿ ಲಲಿತಾಂಗದೇವನು ಸ್ವಯಂಪ್ರಭೆಯೊಡನೆ ಅನುಭವಿಸುವ ಸ್ವರ್ಗಭೋಗವೂ ಹೀಗೆಯೇ. ಕೊರಳ ಹಾರವು ಬಾಡಿ ಮರಣವು ಹತ್ತಿರವಾದಾಗ ಅವನು ಪಡುವ ಸಂಕಟಕ್ಕೆ ಆ ಭೋಗವೇ ತಳಹದಿ. ಇವರೇ ಮುಂದೆ ವಜ್ರಜಂಘ ಶ್ರೀಮತಿಯರಾಗಿ ಹುಟ್ಟಿ, ಶಯನಗೃಹದ ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಒಟ್ಟಿಗೆ ಸಾಯುವರು. ಭೋಗದ ಸಾಧನವೇ ಸಾವಿನ ಸಾಧನವಾಯಿತು. ಇಲ್ಲಿ ಶೃಂಗಾರವನ್ನು ತೆಗೆದರೆ ಕಥೆಯೇ ಉಳಿಯದು.

ಇದಕ್ಕೆ ಪ್ರತಿಯಾಗಿ ಹನ್ನೆರಡನೆಯ ಶತಮಾನದ ನೇಮಿಚಂದ್ರನ ಲೀಲಾವತಿ ಪ್ರಬಂಧವನ್ನು ನೋಡಬಹುದು. ಕಂದರ್ಪದೇವನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಿಸುವರು, ಹುಡುಕಿ ಸೇರುವರು. ಸುಬಂಧುವಿನ ವಾಸವದತ್ತೆಯಿಂದ ಪ್ರೇರಿತವಾದ ಈ ಕಥೆಯು ಇಷ್ಟೇ. ನೇಮಿಚಂದ್ರನ ಶಬ್ದಸಂಪತ್ತನ್ನೂ ಕಲ್ಪನೆಯ ಹೊಳಪನ್ನೂ ಯಾರೂ ಅಲ್ಲಗಳೆಯಲಾರರು. ಆದರೆ ಅವನ ವರ್ಣನೆಗಳಲ್ಲಿ ಒಂದನ್ನು ತೆಗೆದು ಇನ್ನೊಂದರ ಸ್ಥಾನದಲ್ಲಿಟ್ಟರೆ ನಾಯಕನಿಗೂ ನಾಯಿಕೆಗೂ ಏನೂ ಆಗುವುದಿಲ್ಲ. ಒಬ್ಬ ನೀಲಾಂಜನೆಯು ಹೋದೊಡನೆ ಮತ್ತೊಬ್ಬಳು ಬರುತ್ತಲೇ ಇರುವಳು. ಅದನ್ನು ಗಮನಿಸಬೇಕಾದ ಆದಿದೇವನು ಮಾತ್ರ ಕಥೆಯೊಳಗೆಲ್ಲಿಯೂ ಇಲ್ಲ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿಯಾದ ಜನ್ನನು ಮೂರನೆಯ ದಾರಿಯನ್ನು ಹಿಡಿದನು. ೧೨೦೯ರ ಯಶೋಧರ ಚರಿತೆಯ ವಸ್ತುವು ಕಾಮವೇ. ಹೀಗಿದ್ದರೂ ಸಭೆಯು ನಿರೀಕ್ಷಿಸುವ ಉಪಚಾರವನ್ನು ಕವಿಯು ಬೇಕೆಂದೇ ತಪ್ಪಿಸಿರುವನು. ರಾಣಿಯಾದ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋಲುವಳು. ಹಾಡಿದವನು ವಿಕಾರರೂಪಿಯಾದ ಮಾವುತನು. ಅವರ ಏಕಾಂತದಲ್ಲಿ ನಮಗೆ ಕಾಣುವುದು, ತಡವಾಗಿ ಬಂದಳೆಂದು ಅವನು ರಾಣಿಯನ್ನು ಹೊಡೆಯುವ ದೃಶ್ಯವು. ಮರೆಯಲ್ಲಿ ನಿಂತು ನೋಡುತ್ತಿರುವ ಯಶೋಧರನ ಬಾಳು ಆ ನೋಟದಿಂದಲೇ ಒಡೆಯುವುದು. ಸುಂದರವಾದುದನ್ನು ನೋಡಲು ಕಾದಿದ್ದ ಓದುಗನೂ ಅವನೊಡನೆ ತತ್ತರಿಸುವನು.

ಅನಿಮೆಗೂ ಇದೇ ಒರೆಗಲ್ಲು ಸಲ್ಲುವುದು. ಅನೇಕ ಸರಣಿಗಳಲ್ಲಿ ಕಡಲತೀರದ ಕಂತು, ಬಿಸಿನೀರಿನ ಬುಗ್ಗೆಯ ಕಂತು ಎಂಬುವು ರೂಢಿಯಾಗಿವೆ. ಪಾತ್ರಗಳು ಹೋದಂತೆಯೇ ಹಿಂದಿರುಗುವುವು. ಇವು ನಮ್ಮ ಜಲಕ್ರೀಡೆ ವನವಿಹಾರಗಳೇ. ಹಿದೆಆಕಿ ಅನ್ನೋ ನಿರ್ದೇಶಿಸಿದ, ೧೯೯೫ರಲ್ಲಿ ಆರಂಭವಾದ ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಸರಣಿಯಲ್ಲಿ, ಮುಂದಿನ ಕಂತಿನ ಮುನ್ನೋಟಗಳಲ್ಲಿ ‘ಸರ್ವಿಸ್’ ಉಂಟೆಂದು ಪಾತ್ರವೊಂದು ನಗುತ್ತ ಆಶ್ವಾಸನ ಕೊಡುವುದು. ಆದರೆ ಕಥೆಯು ಮುಂದುವರಿದಂತೆ, ಅನ್ಯರ ಸಾಮೀಪ್ಯಕ್ಕೆ ಹೆದರುವ ಬಾಲಕನೊಬ್ಬನ ಯಾತನೆಗೆ ಆ ನೋಟಗಳೇ ಸಾಮಗ್ರಿಯಾಗುವುವು. ೧೯೯೭ರ ಸಮಾಪ್ತಿಚಿತ್ರದಲ್ಲಿ ಚಿತ್ರಮಂದಿರದ ಆಸನಗಳಲ್ಲಿ ಕುಳಿತ ಪ್ರೇಕ್ಷಕರನ್ನೇ ತೆರೆಯ ಮೇಲೆ ತೋರಿಸಿರುವರು. ಉಪಚಾರವನ್ನು ಪಡೆದವನಿಗೆ ಅವನ ನೋಟದ ಲೆಕ್ಕವನ್ನು ಒಪ್ಪಿಸಿದಂತಾಯಿತು.

ವರ್ಣನೆಯೇ ಕಾವ್ಯದ ಪ್ರಾಣವು, ಕಥೆಯು ನೆಪಮಾತ್ರವು. ಕಥೆಯ ಅಳತೆಗೋಲಿನಿಂದ ಲೀಲಾವತಿಯನ್ನು ಅಳೆಯುವುದು ಅನ್ಯಾಯವೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿದೆ. ಬಿಡಿ ಪದ್ಯಗಳ ಕೋಶವಾಗಿ ಓದಿದರೆ ನೇಮಿಚಂದ್ರನಿಂದ ಪಡೆಯಬೇಕಾದುದು ಬಹಳವಿದೆ. ಆದರೆ ಕವಿಯೇ ಕಥೆಯನ್ನು ಹೂಡಿ, ಇಬ್ಬರ ವಿರಹದಲ್ಲಿ ನಮ್ಮನ್ನು ಪಾಲುಗಾರರಾಗಿರೆಂದು ಕರೆದ ಮೇಲೆ, ಆ ವಿರಹವು ವರ್ಣನೆಗಳ ನಡುವೆ ಕಳೆದುಹೋದರೆ ದೂರುವುದಕ್ಕೆ ನಮಗೆ ಅಧಿಕಾರವಿಲ್ಲವೆನ್ನಲಾಗದು.

ಈ ವಿಚಾರವು ಕೇವಲ ಪಾಂಡಿತ್ಯದ ವಿನೋದವಲ್ಲ. ವಿದ್ಯಾರ್ಥಿಗಳಿಗಾಗಿ ಹಳಗನ್ನಡ ಕಾವ್ಯಗಳನ್ನು ಸಂಗ್ರಹಿಸುವಾಗ ಶೃಂಗಾರಭಾಗಗಳ ಮೇಲೆ ಮೊದಲು ಕತ್ತರಿಯಾಡುವುದು ವಾಡಿಕೆ. ನೃತ್ಯವನ್ನು ಕತ್ತರಿಸಿ ವೈರಾಗ್ಯವನ್ನು ಉಳಿಸಿದ ಸಂಗ್ರಹವು ಪಂಪನಿಗೆ ಮಾಡಿದ ದ್ರೋಹವು. ಹಾಗೆಯೇ, ಪ್ರಾಚೀನವೆಂಬ ಒಂದೇ ಕಾರಣದಿಂದ ಎಲ್ಲ ವರ್ಣನೆಗಳನ್ನೂ ಹೊಗಳಿ, ಅನಿಮೆಯದನ್ನು ಮಾತ್ರ ಹಳಿಯುವ ಉಪಾಧ್ಯಾಯನ ಮಾತನ್ನು ಚತುರನಾದ ವಿದ್ಯಾರ್ಥಿಯು ನಂಬಲಾರನು. ಎರಡಕ್ಕೂ ಒಂದೇ ನ್ಯಾಯವಿರಬೇಕು.

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಒಳಗೂ ಶಿಲ್ಪಿಗಳು ಕಣ್ಣಿಗೆ ಉಪಚಾರವನ್ನು ಮಾಡದೆ ಬಿಟ್ಟಿಲ್ಲ. ನವರಂಗದ ಕಂಬಗಳನ್ನು ಕನ್ನಡಿಯಂತೆ ನುಣ್ಪಾಗಿ ತಿಕ್ಕಿರುವರು. ಅವುಗಳ ಸೊಬಗನ್ನು ನೋಡಲು ಹತ್ತಿರ ಹೋದವನಿಗೆ ಕಲ್ಲಿನಲ್ಲಿ ತನ್ನ ಬಿಂಬವೇ ಕಾಣುವುದು. ಹೊಯ್ಸಳೇಶ್ವರದ ಗೋಡೆಯು ನಮ್ಮ ಕಣ್ಣುಗಳಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಬಲ್ಲುದು. ಬಸದಿಯ ಕಂಬವು ನೋಡುತ್ತಿರುವವರು ಯಾರೆಂಬುದನ್ನೂ ತಿಳಿಸುವುದು. ಕಥನದಲ್ಲಿ ಸಲ್ಲುವ ಶೃಂಗಾರವು ಈ ಎರಡನೆಯ ಜಾತಿಯದೆಂಬುದು ನಮ್ಮ ಸಿದ್ಧಾಂತವು.