ಜೀವಂಧರನ ಕಥೆಯ ನಾಯಿ

ಜೀವಂಧರನ ಚರಿತೆಯನ್ನು ಬಲ್ಲ ಶ್ರಾವಕರಿಗೆ ವಸಂತೋತ್ಸವದ ನಾಯಿಯ ಪ್ರಸಂಗ ಅಪರಿಚಿತವಲ್ಲ. ವಾದೀಭಸಿಂಹಸೂರಿಯ ‘ಕ್ಷತ್ರಚೂಡಾಮಣಿ’ಯಲ್ಲಿ ಅದು ನಾಲ್ಕನೆಯ ಲಂಬದಲ್ಲಿ ಬರುತ್ತದೆ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಜೀವಂಧರನ ಚರಿತೆಯನ್ನು ಷಟ್ಪದಿಯಲ್ಲಿ ರಚಿಸಿದನು. ಜಲಕ್ರೀಡೆ ನೋಡಲು ಊರಿಗೆ ಊರೇ ನೆರೆದಿದೆ. ಹವಿಸ್ಸನ್ನು ಮುಟ್ಟಿತೆಂದು ನಾಯಿಯೊಂದನ್ನು ಯಜ್ಞನಿರತರು ಹೊಡೆದು ಕೆಡವಿದ್ದಾರೆ. ಜೀವಂಧರ ಅದನ್ನು ಬದುಕಿಸಲು ಯತ್ನಿಸಿ, ಅಸಾಧ್ಯವೆಂದು ಕಂಡಾಗ ಪಂಚನಮಸ್ಕಾರ ಮಂತ್ರವನ್ನು ಕೇಳಿಸುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಗುತ್ತದೆ.

ಪ್ರವಚನಗಳಲ್ಲಿ ಇದು ಸಾಮಾನ್ಯವಾಗಿ ಮಂತ್ರಮಹಿಮೆಯ ದೃಷ್ಟಾಂತವಾಗಿಯೇ ಮುಗಿಯುತ್ತದೆ. ಮಹಿಮೆಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಹಾಗೆ ಹೇಳುವಾಗ ಎರಡು ಮಾತುಗಳು ಬಿಟ್ಟುಹೋಗುತ್ತವೆ. ನಾಯಕನು ಮೊದಲು ಮಾಡಿದ್ದು ಪ್ರಾಣ ಉಳಿಸುವ ಯತ್ನ. ಮಂತ್ರ ಬಂದದ್ದು ಅದು ವಿಫಲವಾದ ಮೇಲೆ. ಎರಡನೆಯದಾಗಿ, ಸದ್ಗತಿ ದೊರೆತರೂ ನಾಯಿ ಸತ್ತಿತು, ಅದೂ ಉತ್ಸವದ ನಡುವೆ, ನೆರೆದವರೆಲ್ಲರ ಸಮ್ಮುಖದಲ್ಲಿ. ಅದೇ ಉತ್ಸವದಲ್ಲಿ ಮುಂದೆ ಮದಿಸಿದ ಆನೆ ಗುಣಮಾಲೆಯ ಮೇಲೆ ನುಗ್ಗಿದಾಗ ಜೀವಂಧರ ಸಕಾಲಕ್ಕೆ ಒದಗಿ ಅವಳನ್ನು ಉಳಿಸುತ್ತಾನೆ. ನಾಯಿಗೆ ಆ ಭಾಗ್ಯವಿರಲಿಲ್ಲ. ಕವಿ ಇವೆರಡನ್ನೂ ಒಂದೇ ಲಂಬದಲ್ಲಿ ಇರಿಸಿದ್ದನ್ನು ಓದುಗರು ಗಮನಿಸಬೇಕು.

ಕೊಂದವರು ಅನ್ಯಮತದವರೆಂಬ ಸಮಾಧಾನವೂ ಈ ಕಥೆಯನ್ನು ಓದುವ ನಮಗೆ ಸುಲಭವಾಗಿ ದೊರೆಯುತ್ತದೆ. ಆ ಸಮಾಧಾನವನ್ನು ತತ್ತ್ವಾರ್ಥಸೂತ್ರ ಉಳಿಯಗೊಡುವುದಿಲ್ಲ. ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನೇ ಮೂಲವಾಗಿಟ್ಟರು. ಅಹಿಂಸಾಣುವ್ರತಕ್ಕೆ ಅವರು ಹೇಳಿದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಪೂಜೆಗೆ ಅಡ್ಡ ಬಂದಿತೆಂದು ಬೀಸಿದ ಕೋಲು, ಮೆರವಣಿಗೆ ಮುಗಿಯುವವರೆಗೆ ನೀರಿಲ್ಲದೆ ಕಂಬಕ್ಕೆ ಕಟ್ಟಿದ ಹಗ್ಗ, ಇವೆರಡೂ ಆ ಪಟ್ಟಿಯಲ್ಲಿ ಸೇರುತ್ತವೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಪ್ರಾಣಿಯನ್ನು ಹೊಡೆಯುವುದನ್ನು, ಒದೆಯುವುದನ್ನು ಅಪರಾಧವೆನ್ನುತ್ತದೆ. ಕಾಯಿದೆಗಿಂತ ಬಹು ಹಿಂದೆಯೇ ನಮಗೆ ಸೂತ್ರವಿತ್ತು.

ಹೂಲಿಯ ಕಡೆಯವರಿಗೆ ಜನಜಂಗುಳಿ ಹೊಸದಲ್ಲ. ಸಮೀಪದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಂದು ಲಕ್ಷಾಂತರ ಜನ ಸೇರುತ್ತಾರೆ. ಗುಡ್ಡದಲ್ಲಿಯೇ ಅಡುಗೆ ಮಾಡಿ ಪಡ್ಡಲಗಿ ತುಂಬಿಸುತ್ತಾರೆ. ಅನ್ನವಿದ್ದಲ್ಲಿಗೆ ನಾಯಿ ಬರುತ್ತದೆ. ಹವಿಸ್ಸು ಯಾವುದು, ಎಂಜಲು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ನಮ್ಮ ಪಂಚಕಲ್ಯಾಣ, ರಥೋತ್ಸವಗಳ ಭೋಜನಶಾಲೆಯ ಹಿಂದೆಯೂ ಸ್ಥಿತಿ ಇದೇ. ಉಂಡ ಎಲೆಗಳನ್ನು ವಾಹನ ನಿಲ್ಲುವ ಸ್ಥಳದ ಬದಿಯಲ್ಲಿ ಸುರಿದರೆ ನಾಯಿಗಳು ಗಾಲಿಗಳ ನಡುವೆಯೇ ತಿನ್ನುತ್ತವೆ. ಪಟಾಕಿ ಸಿಡಿದರೆ ದಿಕ್ಕುಗೆಟ್ಟು ಜನರ ಕಾಲಸಂದಿಗೆ ಓಡುತ್ತವೆ. ಬೆದರಿದ ನಾಯಿ ಕಚ್ಚಿದರೆ ಮಕ್ಕಳಿಗೂ ಅಪಾಯ, ಆಮೇಲೆ ಕಲ್ಲೇಟು ನಾಯಿಗೆ.

ಬಸದಿಯ ಟ್ರಸ್ಟುಗಳು ಉತ್ಸವದ ಆಯವ್ಯಯದಲ್ಲಿ ಚಪ್ಪರಕ್ಕೆ, ವಾದ್ಯಕ್ಕೆ ಹಣ ತೆಗೆದಿರಿಸುತ್ತವೆ. ಎಂಜಲೆಲೆಗಳನ್ನು ದೂರ ಸಾಗಿಸುವ ಒಬ್ಬ ಆಳು, ಜನಸಂದಣಿಯಿಂದ ಆಚೆ ನೀರಿನ ಬಾನಿ, ಕೋಲೆತ್ತಿದವರ ಕೈ ಹಿಡಿದು ತಡೆಯಬಲ್ಲ ಇಬ್ಬರು ಸ್ವಯಂಸೇವಕರು, ಇಷ್ಟಕ್ಕೆ ಆಗುವ ಖರ್ಚು ಬಹಳವಲ್ಲ. ಪಟಾಕಿಯ ಬಾಬನ್ನು ತೆಗೆದುಹಾಕಿದರೆ ಅದೂ ಉಳಿದೀತು.