ಕ್ಷಮೆ ಕೇಳಬೇಕಾದವರು ಯಾರು?

ಬಾಲ್ಕನಿಯಿಂದ ರಸ್ತೆಗೆ ಸುರಿಯುವ ನೀರಿಗಾಗಿ ಜಗಳವಾಗುವುದು ಯಾವ ಊರಿಗೂ ಹೊಸದಲ್ಲ. ಲೆಬನಾನಿನ ನಿರ್ದೇಶಕ ಝಿಯಾದ್ ದುವೈರಿಯವರ 2017ರ ಚಲನಚಿತ್ರ ‘ದಿ ಇನ್ಸಲ್ಟ್’ ಆರಂಭವಾಗುವುದು ಇಂತಹ ಜಗಳದಿಂದಲೇ. ಬೈರೂತಿನ ಕ್ರೈಸ್ತ ಬಡಾವಣೆಯಲ್ಲಿ ಗ್ಯಾರೇಜು ನಡೆಸುವ ಟೋನಿಯ ಮನೆಯ ಸೋರುವ ಕೊಳವೆಯನ್ನು ಮೇಸ್ತ್ರಿ ಯಾಸಿರ್ ಬದಲಾಯಿಸುತ್ತಾನೆ. ಯಾಸಿರ್ ಫೆಲೆಸ್ತೀನಿ ನಿರಾಶ್ರಿತ. ಟೋನಿ ಹೊಸ ಕೊಳವೆಯನ್ನು ಒಡೆದು ಹಾಕುತ್ತಾನೆ, ಯಾಸಿರ್ ಬೈಯುತ್ತಾನೆ. ಕ್ಷಮೆ ಕೇಳಲೆಂದು ಬಂದವನಿಗೆ ಟೋನಿ, ಶರೋನ್ ನಿಮ್ಮನ್ನೆಲ್ಲ ನಿರ್ನಾಮ ಮಾಡಬೇಕಿತ್ತು ಎನ್ನುತ್ತಾನೆ. ಯಾಸಿರನ ಏಟಿಗೆ ಟೋನಿಯ ಎರಡು ಪಕ್ಕೆಲುಬುಗಳು ಮುರಿಯುತ್ತವೆ. ಪ್ರಕರಣ ನ್ಯಾಯಾಲಯ ಸೇರುತ್ತದೆ, ಬೀದಿಗಿಳಿಯುತ್ತದೆ, ಕೊನೆಗೆ ರಾಷ್ಟ್ರಾಧ್ಯಕ್ಷರವರೆಗೂ ಹೋಗುತ್ತದೆ.

ಇಬ್ಬರ ಜಗಳವನ್ನು ವಕೀಲರು, ಪಕ್ಷಗಳು ಮತ್ತು ಗುಂಪುಗಳು ಹೇಗೆ ಕಸಿದುಕೊಳ್ಳುತ್ತವೆ ಎಂಬುದನ್ನು ಚಿತ್ರ ಬಹಳ ಚೆನ್ನಾಗಿ ತೋರಿಸುತ್ತದೆ. ಯಾಸಿರನ ಪಾತ್ರಕ್ಕಾಗಿ ಕಾಮಿಲ್ ಅಲ್ ಬಾಷಾ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಅದಕ್ಕೆ ಅವರು ಅರ್ಹರೇ. ಆದರೆ ಗಾಯದ ಮೂಲವನ್ನು ಹುಡುಕುವಾಗ ಚಿತ್ರ ಎಲ್ಲಿ ನಿಂತುಬಿಡುತ್ತದೆ ಎಂಬುದನ್ನೂ ನಾವು ಕೇಳಬೇಕಾಗುತ್ತದೆ.

ಟೋನಿ ಬಾಲ್ಯದಲ್ಲಿ ದಾಮೂರ್ ಹತ್ಯಾಕಾಂಡದಿಂದ ಪಾರಾದವನು ಎಂದು ನ್ಯಾಯಾಲಯದಲ್ಲಿ ಬಯಲಾಗುತ್ತದೆ. 1976ರ ಜನವರಿ 20ರಂದು ಫೆಲೆಸ್ತೀನಿ ಮತ್ತು ಲೆಬನಾನಿ ಎಡಪಂಥೀಯ ಸಶಸ್ತ್ರ ಗುಂಪುಗಳು ಆ ಕ್ರೈಸ್ತ ಪಟ್ಟಣದಲ್ಲಿ ನೂರಾರು ಮಂದಿಯನ್ನು ಕೊಂದವು. ಈ ನೋವನ್ನು ಪರದೆಯ ಮೇಲೆ ತಂದುದು ಸರಿಯೇ. ಸತ್ತವರು ಯಾರೆಂದು ನೋಡಿ ಕಣ್ಣೀರು ಹಾಕುವುದು ನ್ಯಾಯವಲ್ಲ. ಆದರೆ ಅದಕ್ಕೆ ಎರಡೇ ದಿನ ಮೊದಲು, ಬೈರೂತಿನ ಕರಂತೀನಾ ಎಂಬ ಬಡವರ ಕೇರಿಯಲ್ಲಿ ಕ್ರೈಸ್ತ ಫಲಾಂಜಿಸ್ಟ್ ಪಡೆಗಳು ನೂರಾರು ಮುಸ್ಲಿಮರನ್ನು ಕೊಂದಿದ್ದವು. ಚಿತ್ರದಲ್ಲಿ ದಾಮೂರಿಗೆ ಸಿಕ್ಕ ಜಾಗ ಕರಂತೀನಾಕ್ಕೆ ಸಿಕ್ಕಿಲ್ಲ.

ಹಾಗಾದರೆ 1975ರಿಂದ 1990ರವರೆಗಿನ ಆ ಯುದ್ಧ ಧರ್ಮಯುದ್ಧವೇ? ಅಧ್ಯಕ್ಷ ಮಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸಭಾಧ್ಯಕ್ಷ ಶಿಯಾ ಎಂದು 1943ರಲ್ಲೇ ಅಧಿಕಾರವನ್ನು ಧರ್ಮದ ಲೆಕ್ಕದಲ್ಲಿ ಹಂಚಿಕೊಂಡ ದೇಶ ಅದು. ರಾಜಕೀಯವೇ ಧರ್ಮದ ವೇಷ ತೊಟ್ಟಿರುವಾಗ ಅಧಿಕಾರದ ಜಗಳಕ್ಕೆ ಧರ್ಮದ ಹೆಸರು ಬರುವುದು ಸಹಜ. ಆದರೆ 1976ರಲ್ಲಿ ಸಿರಿಯಾದ ಸೈನ್ಯ ಲೆಬನಾನಿಗೆ ನುಗ್ಗಿದಾಗ ನೆರವಾದದ್ದು ಯಾರಿಗೆ? ಸೋಲುತ್ತಿದ್ದ ಕ್ರೈಸ್ತ ಪಡೆಗಳಿಗೆ! ಫೆಲೆಸ್ತೀನಿಯರನ್ನು ಮತ್ತು ಎಡಪಕ್ಷಗಳನ್ನು ಹದ್ದುಬಸ್ತಿನಲ್ಲಿಡುವುದು ಅದಕ್ಕೆ ಬೇಕಿತ್ತು. ಆ ಸೈನ್ಯ ಹೊರಟುಹೋದದ್ದು 2005ರಲ್ಲಿ. ಧರ್ಮಯುದ್ಧ ಎಂಬ ಒಂದೇ ಪದ ಇದನ್ನು ವಿವರಿಸಲಾರದು.

ಟೋನಿ ಉಚ್ಚರಿಸಿದ ಹೆಸರನ್ನೇ ನೋಡೋಣ. 1982ರ ಜೂನ್‌ನಲ್ಲಿ ಇಸ್ರೇಲ್ ಲೆಬನಾನಿನ ಮೇಲೆ ದಾಳಿ ಮಾಡಿದಾಗ ಶರೋನ್ ಅದರ ರಕ್ಷಣಾ ಸಚಿವ. ಸೆಪ್ಟೆಂಬರ್‌ನಲ್ಲಿ ಸಬ್ರಾ ಮತ್ತು ಶತೀಲಾದಲ್ಲಿ ನಿರಾಶ್ರಿತರನ್ನು ಕೊಂದವರು ಲೆಬನಾನಿನದೇ ಫಲಾಂಜಿಸ್ಟರು. ಸುತ್ತ ಕಾವಲು ನಿಂತು, ರಾತ್ರಿ ಆಕಾಶಕ್ಕೆ ಬೆಳಕಿನ ಗುಂಡು ಹಾರಿಸಿದ್ದು ಇಸ್ರೇಲಿ ಸೈನ್ಯ. ಇಸ್ರೇಲಿನದೇ ಕಹಾನ್ ಆಯೋಗ 1983ರಲ್ಲಿ ಶರೋನ್ ವೈಯಕ್ತಿಕವಾಗಿ ಹೊಣೆಗಾರ ಎಂದಿತು. 2001ರಲ್ಲಿ ಆತ ಪ್ರಧಾನಿಯಾದ! ಎಲ್ಲವೂ ಹೊರಗಿನವರ ಪಿತೂರಿ ಎನ್ನುವವರು ಚೂರಿ ಹಿಡಿದ ಕೈಯನ್ನು ಮರೆಸುತ್ತಾರೆ, ಎಲ್ಲವೂ ಒಳಗಿನ ದ್ವೇಷ ಎನ್ನುವವರು ಬೆಳಕು ಹಿಡಿದ ಕೈಯನ್ನು ಮರೆಸುತ್ತಾರೆ. ದುವೈರಿಯವರ ಚಿತ್ರ ವಾಲುವುದು ಎರಡನೆಯ ಕಡೆಗೆ. ಶರೋನ್ ಇಲ್ಲಿ ಒಂದು ಬೈಗುಳವಾಗಿ ಉಳಿಯುತ್ತಾನೆ, ಆರೋಪಿಯಾಗುವುದಿಲ್ಲ.

ಕೊನೆಗೆ ಯಾಸಿರ್ ತಾನಾಗಿಯೇ ಟೋನಿಯನ್ನು ಕೆಣಕಿ, ಏಟು ತಿಂದು, ಕ್ಷಮೆ ಕೇಳುತ್ತಾನೆ. ಈ ದೃಶ್ಯ ಮನ ಕಲಕುತ್ತದೆ. ನ್ಯಾಯಾಲಯ ಆತನನ್ನು ಬಿಡುಗಡೆ ಮಾಡುತ್ತದೆ. ಆದರೆ ವಾಸ್ತವದಲ್ಲಿ ಲೆಬನಾನಿನ ಜನರಿಗೆ ಅಂತಹ ನ್ಯಾಯಾಲಯ ಸಿಗಲೇ ಇಲ್ಲ. 1991ರ ಕಾನೂನು ಯುದ್ಧಕಾಲದ ಬಹುತೇಕ ಅಪರಾಧಗಳಿಗೆ ಸಾರ್ವತ್ರಿಕ ಕ್ಷಮಾದಾನ ನೀಡಿತು. ರಾಜಕೀಯ ಮತ್ತು ಧಾರ್ಮಿಕ ನಾಯಕರ ಕೊಲೆಗೆ ಕ್ಷಮೆಯಿಲ್ಲ. ಕರಂತೀನಾ, ದಾಮೂರ್, ಶತೀಲಾಗಳ ಸಾಮಾನ್ಯರನ್ನು ಕೊಂದವರಿಗೆ ಕ್ಷಮೆ ದೊರೆಯಿತು, ಸತ್ತವರ ಮನೆಯವರನ್ನು ಯಾರೂ ಕೇಳಲಿಲ್ಲ. ಬಂದೂಕು ಹಿಡಿಸಿದವರಲ್ಲಿ ಹಲವರು ಮಂತ್ರಿಗಳಾದರು.

ಮೇಸ್ತ್ರಿ ಮತ್ತು ಮೆಕ್ಯಾನಿಕ್ ಪರಸ್ಪರ ಕ್ಷಮಿಸಿದರೆ ಸಾಕು ಎಂದು ಚಿತ್ರ ನಂಬುವಂತಿದೆ. ಅವರು ಕ್ಷಮಿಸಲಿ, ಅದು ದೊಡ್ಡ ಗುಣ. ಆದರೆ ಅವರಿಬ್ಬರನ್ನೂ ಊರು ಬಿಡಿಸಿದವರು ಕ್ಷಮೆ ಕೇಳಬೇಕಾದವರ ಪಟ್ಟಿಯಲ್ಲೇ ಇಲ್ಲವಲ್ಲ?