ವಾದ್ಯಗೋಷ್ಠಿಯ ಕಲಾವಿದನಿಗೆ ಯಾವ ಧ್ವನಿ ತಂತ್ರಾಂಶ?

ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಲು ನೆರವಾಗುವ ತಂತ್ರಾಂಶಗಳ ಬಗೆಗೆ ಬರುವ ಬರಹಗಳನ್ನು ಓದಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಅವೆಲ್ಲ ಹೊಸ ಹಾಡು ಕಟ್ಟುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಎಷ್ಟು ಟ್ರ್ಯಾಕುಗಳು, ಎಷ್ಟು ವಾದ್ಯಗಳ ನಾದ, ಎಷ್ಟು ಬಗೆಯ ಪರಿಣಾಮಗಳು ಎಂಬ ಪಟ್ಟಿಯೇ ಅವರ ತೂಕದ ಕಲ್ಲು. ಆದರೆ ನಮ್ಮ ಜಿಲ್ಲೆ, ತಾಲ್ಲೂಕುಗಳಲ್ಲಿ ಸಂಗೀತದಿಂದ ಸಂಸಾರ ತೂಗಿಸುವ ಅನೇಕರು ಹೊಸ ಹಾಡು ಕಟ್ಟುವವರಲ್ಲ. ಅವರು ವಾದ್ಯಗೋಷ್ಠಿಯವರು. ಜನ ಆಗಲೇ ಮೆಚ್ಚಿದ ಚಿತ್ರಗೀತೆಗಳನ್ನು ವೇದಿಕೆಯ ಮೇಲೆ ಮತ್ತೆ ಕೇಳಿಸುವುದು ಅವರ ಕಸುಬು. ಅವರ ದುಡಿಮೆಗೆ ಈ ತಂತ್ರಾಂಶಗಳು ಎಷ್ಟು ಒದಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಭೌತವಿಜ್ಞಾನದ ಪಾಠಕ್ಕೂ ಇದರಲ್ಲಿ ಸಾಕಷ್ಟು ಸರಕಿದೆ.

ಮೊದಲು ಆ ಬದುಕನ್ನು ನೋಡಬೇಕು. ಭಾದ್ರಪದದ ಗಣೇಶೋತ್ಸವದಿಂದ ನವೆಂಬರ್ ತಿಂಗಳ ರಾಜ್ಯೋತ್ಸವದವರೆಗೆ, ಅನಂತರ ಜಾತ್ರೆ ಮದುವೆಗಳ ಕಾಲದಲ್ಲಿ ಕೈತುಂಬ ಪ್ರೋಗ್ರಾಂ. ಆಷಾಢದಲ್ಲಿ ಕೀಬೋರ್ಡಿಗೆ ಬಟ್ಟೆ ಹೊದಿಸಿ ಇಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬದ ಕೆಲವು ದಿನಗಳಿಗೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಿಯಮ ಸರಿಯಾದದ್ದೇ. ಆದರೆ ಸಭಾ ಕಾರ್ಯಕ್ರಮ ಮುಗಿಯುವಾಗಲೇ ಒಂಬತ್ತಾಗುವ ಊರುಗಳಲ್ಲಿ ಉಳಿದ ಒಂದು ಗಂಟೆಗೆ ಹತ್ತು ಜನರ ತಂಡವನ್ನು ಕರೆಸಲು ಸಂಘಟಕರು ಹಿಂದೆಮುಂದೆ ನೋಡುತ್ತಾರೆ. 2020 ಮತ್ತು 2021ರಲ್ಲಿ ಕೋವಿಡ್ ಬಂದು ಇದ್ದ ಪ್ರೋಗ್ರಾಂಗಳೂ ನಿಂತವು. ಕೀಬೋರ್ಡ್ ನುಡಿಸುವ ನನ್ನ ಮಿತ್ರರೊಬ್ಬರು ಮನೆಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆ ಅಣಿಗೊಳಿಸಿದ್ದು ಆಗಲೇ. ಗೋಡೆಗೆ ಕೌದಿ ನೇತುಹಾಕಿದರು. ಕೌದಿ ಎತ್ತರದ ಸ್ವರಗಳ ಅನುರಣನವನ್ನು ನುಂಗಿತು. ತಗ್ಗಿನ ಗುಂಯ್‌ಗುಡುವಿಕೆ ಹಾಗೇ ಉಳಿಯಿತು. 100 ಹರ್ಟ್ಸ್ ನಾದದ ತರಂಗದೂರ 3.4 ಮೀಟರ್ ಎಂಬುದನ್ನು ನೆನೆದರೆ ಎರಡು ಬೆರಳು ದಪ್ಪದ ಬಟ್ಟೆಯಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಅವರಿಗೆ ಕಂಪ್ಯೂಟರಿನಿಂದ ಆಗಬೇಕಾದ ಕೆಲಸ ಮೂರು: ಹಾಡನ್ನು ಕೇಳಿ ಕಲಿಯುವುದು, ಗಾಯಕರ ಶ್ರುತಿಗೆ ತಕ್ಕಂತೆ ಅದನ್ನು ಇಳಿಸುವುದು ಅಥವಾ ಏರಿಸುವುದು, ತಂಡದಲ್ಲಿ ಇಲ್ಲದ ವಾದ್ಯಗಳನ್ನು ಮೊದಲೇ ನುಡಿಸಿ ಟ್ರ್ಯಾಕ್ ಮಾಡಿಟ್ಟುಕೊಳ್ಳುವುದು.

ಇದಕ್ಕೆ ದುಬಾರಿ ತಂತ್ರಾಂಶವೇ ಬೇಕು, ಅದರಲ್ಲಿ ನಾದ ಹೆಚ್ಚು ಸೊಗಸಾಗಿ ಬರುತ್ತದೆ ಎಂಬ ನಂಬಿಕೆ ಕಲಾವಿದರಲ್ಲಿ ಬಲವಾಗಿದೆ. ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದೇ ಜೋಡಿ ಧ್ವನಿ ಕಡತಗಳನ್ನು ಎರಡು ತಂತ್ರಾಂಶಗಳಲ್ಲಿ ಒಂದೇ ಮಟ್ಟದಲ್ಲಿಟ್ಟು, ಯಾವ ಪರಿಣಾಮವನ್ನೂ ಸೇರಿಸದೆ ಬೆರೆಸಿ ಹೊರತೆಗೆಯಿರಿ. ಒಂದರ ತರಂಗವನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ. ಕೊನೆಯ ಅಂಕಿಯನ್ನು ದುಂಡಾಗಿಸುವುದರಲ್ಲಿ ಬರುವ, ಕಿವಿಗೆ ನಿಲುಕದ ವ್ಯತ್ಯಾಸ ಬಿಟ್ಟರೆ ಉಳಿಯುವುದು ಮೌನ. ಬೆರೆಸುವುದೆಂದರೆ ಸಂಖ್ಯೆಗಳ ಸಂಕಲನ. ದುಬಾರಿ ತಂತ್ರಾಂಶದಲ್ಲೂ ಎರಡು ಎರಡು ನಾಲ್ಕೇ. ಸೆಕೆಂಡಿಗೆ 1,92,000 ಮಾದರಿಗಳನ್ನು ತೆಗೆಯುತ್ತೇವೆ ಎಂಬ ಜಾಹೀರಾತಿನ ಹೆಮ್ಮೆಯೂ ಇಂಥದೇ. ಅತಿ ಎತ್ತರದ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಮಾದರಿಗಳಿದ್ದರೆ ಮೂಲ ತರಂಗವನ್ನು ಮರಳಿ ಪಡೆಯಬಹುದೆಂದು ಮಾದರಿ ಪ್ರಮೇಯ ಹೇಳುತ್ತದೆ. ಎಳೆಯ ಕಿವಿಯ ಮಿತಿಯೂ 20,000 ಹರ್ಟ್ಸ್. ಸಿ.ಡಿ.ಯ 44,100 ಅದಕ್ಕೆ ಸಾಕು. 16 ಬಿಟ್‌ನ ಸಿ.ಡಿ. ಗುಣಮಟ್ಟದ ಒಂದು ನಿಮಿಷದ ಸ್ಟೀರಿಯೋಗೆ ಸುಮಾರು 10.6 ಮೆಗಾಬೈಟ್ ಹಿಡಿದರೆ, 24 ಬಿಟ್‌ನ 1,92,000ದ ಧ್ವನಿಗೆ 69 ಮೆಗಾಬೈಟ್ ಹಿಡಿಯುತ್ತದೆ. ಕೇಳುವವರು ಮೈದಾನದಲ್ಲಿ, ಜನರೇಟರಿನ ಪಕ್ಕ ಕೂತವರು!

ನಾದದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಆಯ್ಕೆಗೆ ಆಧಾರವೇನು? ಒಂದು, ವಿಳಂಬ. ಕಂಪ್ಯೂಟರ್ ಧ್ವನಿಯನ್ನು ಬಿಡಿಬಿಡಿಯಾಗಿ ಸಾಗಿಸದೆ ಬಫರ್ ಎಂಬ ಬುಟ್ಟಿ ತುಂಬಿದ ಮೇಲೆ ಸಾಗಿಸುತ್ತದೆ. 1,024 ಮಾದರಿಗಳ ಬುಟ್ಟಿ ತುಂಬಲು 23 ಮಿಲಿಸೆಕೆಂಡು ಬೇಕು, 256ರದಕ್ಕೆ ಸುಮಾರು 6. ಗಾಳಿಯಲ್ಲಿ ಶಬ್ದ ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಕ್ರಮಿಸುತ್ತದೆ. ಅಂದರೆ ದೊಡ್ಡ ಬುಟ್ಟಿ ಇಟ್ಟುಕೊಂಡು ಕೀಬೋರ್ಡ್ ನುಡಿಸುವುದು, ಎಂಟು ಮೀಟರ್ ಆಚೆ ಇಟ್ಟ ಧ್ವನಿವರ್ಧಕವನ್ನು ಕೇಳುತ್ತ ನುಡಿಸಿದಂತೆ. ಮೈಕಿನಲ್ಲಿ ಹಾಡಿ ಅದನ್ನೇ ಹೆಡ್‌ಫೋನಿನಲ್ಲಿ ಕೇಳುವುದಾದರೆ ಹೋಗುವಾಗ ಒಂದು ಬುಟ್ಟಿ, ಬರುವಾಗ ಇನ್ನೊಂದು. ತಾಳ ಜಾರದೆ ಇನ್ನೇನಾದೀತು? ವಿಂಡೋಸ್ ಕಂಪ್ಯೂಟರುಗಳಲ್ಲಿ ಈ ವಿಳಂಬ ತಗ್ಗಿಸಲು ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಅಸಿಯೋ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಶಾಲೆಗಳಿಗೆ ಪರಿಚಿತವಾದ ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ಪರವಾನಗಿಯ ತೊಡಕಿನಿಂದ ಬಹುಕಾಲ ಅದು ಒದಗಲಿಲ್ಲ. ಆ ತಂತ್ರಾಂಶದ ಬಗೆಗೆ ನನ್ನ ಮೊದಲ ಆಕ್ಷೇಪ ಇದು.

ಇನ್ನೊಂದು, ಶ್ರುತಿ ಬದಲಾವಣೆ. ವಾದ್ಯಗೋಷ್ಠಿಯಲ್ಲಿ ಇದಿಲ್ಲದೆ ದಿನ ಕಳೆಯದು. ಕರಿ ಎರಡರಲ್ಲಿರುವ ಹಾಡನ್ನು ಊರಿನ ಗಾಯಕರು ಕರಿ ಒಂದಕ್ಕೆ ಇಳಿಸಿ ಕೊಡಿ ಎನ್ನುತ್ತಾರೆ. ಅದು ಎರಡು ಸ್ವರಸ್ಥಾನಗಳ ಇಳಿತ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಕಂಪನಾಂಕ 1.0595 ಪಟ್ಟು ಏರುತ್ತದೆ, ಎರಡಕ್ಕೆ 1.1225 ಪಟ್ಟು. ಹಳೆಯ ಟೇಪಿನಂತೆ ವೇಗ ತಗ್ಗಿಸಿ ಇಳಿಸಿದರೆ 5 ನಿಮಿಷದ ಹಾಡು 5 ನಿಮಿಷ 37 ಸೆಕೆಂಡಾಗಿ ಎಳೆಯುತ್ತದೆ. ವೇಗ ಕೆಡದಂತೆ ಇಳಿಸಬೇಕಾದರೆ ಧ್ವನಿಯನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಯಾವ ಯಾವ ಕಂಪನಾಂಕಗಳಿವೆಯೆಂದು ಅಳೆದು, ಅವುಗಳನ್ನು ಸರಿಸಿ, ಮತ್ತೆ ಹೊಲಿಯಬೇಕು.

ತುಣುಕು ಎಷ್ಟು ಉದ್ದವಿರಬೇಕು? ಇಲ್ಲಿದೆ ಸ್ವಾರಸ್ಯ. ಕರಿ ಒಂದರ ತಗ್ಗಿನ ಷಡ್ಜ ಸುಮಾರು 139 ಹರ್ಟ್ಸ್, ಅದರ ಪಕ್ಕದ ಸ್ವರ 147. ಇವೆರಡನ್ನೂ ಬೇರೆ ಬೇರೆಯೆಂದು ಗುರುತಿಸಲು 8 ಹರ್ಟ್ಸ್ ಅಂತರವನ್ನು ಅಳೆಯಬೇಕು. ಅದಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟಾದರೂ ಉದ್ದದ ತುಣುಕು ಬೇಕು. ಆದರೆ ಢೋಲಕ್ಕಿನವರು ಸೆಕೆಂಡಿಗೆ ಎಂಟು ಪೆಟ್ಟು ಸಲೀಸಾಗಿ ಹಾಕುತ್ತಾರೆ. ಪೆಟ್ಟಿನ ಮೊನೆ ಇರುವುದು ಕೆಲವೇ ಮಿಲಿಸೆಕೆಂಡು. ಅದು ಇಡೀ ತುಣುಕಿನ ಮೇಲೆ ಹರಡಿಕೊಂಡು ಮೊಂಡಾಗುತ್ತದೆ. ತುಣುಕು ಕಿರಿದಾದರೆ ತಾಳ ಸ್ಫುಟ, ಸ್ವರ ಮಸುಕು. ಹಿರಿದಾದರೆ ಸ್ವರ ಸ್ಫುಟ, ತಾಳ ಮಸುಕು. ಯಾವ ಹಣ ತೆತ್ತರೂ ಈ ನಿರ್ಬಂಧದಿಂದ ಪಾರಾಗಲು ಬಾರದು. ಒಳ್ಳೆಯ ತಂತ್ರಾಂಶ ಪೆಟ್ಟುಗಳನ್ನು ಮೊದಲೇ ಗುರುತಿಸಿ ಅಲ್ಲಿ ಬೇರೆ ಉಪಾಯ ಹೂಡುತ್ತದೆ, ಅಷ್ಟೆ. ಈ ವಿಚಾರದಲ್ಲಿ ರೀಪರ್ ತಂತ್ರಾಂಶಕ್ಕೆ ನನ್ನ ಮೆಚ್ಚುಗೆ ಸಲ್ಲುತ್ತದೆ. ಅದರಲ್ಲಿ ಹಲವು ವಿಧಾನಗಳನ್ನು ಕೊಟ್ಟಿದ್ದಾರೆ, ಮೂಲ ಕಡತ ಕೆಡುವುದಿಲ್ಲ, ಗಾಯಕರು ವೇದಿಕೆಯ ಹಿಂದೆ ನಿಂತು ‘ಇನ್ನೂ ಅರ್ಧ ಇಳಿಸಿ’ ಎಂದರೂ ಗಾಬರಿಯಿಲ್ಲ. ಆಡಾಸಿಟಿಯಲ್ಲಿ ಪರಿಣಾಮಗಳು ಮೂಲ ಧ್ವನಿಯ ಮೇಲೇ ಬರೆದುಹೋಗುತ್ತಿದ್ದವು. 2022ರಲ್ಲಿ ಬಂದ 3.2ನೆಯ ಆವೃತ್ತಿಯಿಂದ ಈಚೆಗೆ ಅನೇಕ ಪರಿಣಾಮಗಳಿಗೆ ಈ ತೊಂದರೆ ತಪ್ಪಿದೆ.

ಇದಕ್ಕಿಂತ ಜಾಣತನದ ದಾರಿ, ಸಾಧ್ಯವಾದಲ್ಲೆಲ್ಲ ಧ್ವನಿಯ ಬದಲು ಮಿಡಿ ಸಂಕೇತವನ್ನೇ ದಾಖಲಿಸುವುದು. 1983ರಲ್ಲಿ ಬಳಕೆಗೆ ಬಂದ ಈ ಸಂಕೇತದಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆ. ಕೀಬೋರ್ಡಿನ ನಡುವಣ ‘ಸಿ’ ಸ್ವರ 60. ಎರಡು ಸ್ವರಸ್ಥಾನ ಇಳಿಸಬೇಕೆ? 58 ಎಂದು ಬರೆದರಾಯಿತು. ಅಳತೆಯಿಲ್ಲ, ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಆಡಾಸಿಟಿಯ 3ನೆಯ ಸರಣಿಯ ಆವೃತ್ತಿಗಳಲ್ಲಿ ಕೀಬೋರ್ಡಿನಿಂದ ನೇರ ಮಿಡಿ ದಾಖಲಾತಿ ಇಲ್ಲ. ಕೀಬೋರ್ಡ್ ಕಲಾವಿದರು ಅದನ್ನೊಂದೇ ನೆಚ್ಚಬಾರದೆನ್ನಲು ಇದು ವಿಳಂಬಕ್ಕಿಂತ ದೊಡ್ಡ ಕಾರಣ.

ಮೂಲ ಹಾಡಿನಿಂದ ಗಾಯಕರ ದನಿಯನ್ನು ಅಳಿಸಿ ಟ್ರ್ಯಾಕ್ ಮಾಡುವ ಚಟ ಈಗ ಎಲ್ಲೆಡೆ ಇದೆ. ಹಳೆಯ ಉಪಾಯ ಎಡ ವಾಹಿನಿಯಿಂದ ಬಲ ವಾಹಿನಿಯನ್ನು ಕಳೆಯುವುದು. ನಡುವೆ ಇಟ್ಟ ದನಿ ಎರಡರಲ್ಲೂ ಸಮನಾಗಿರುವುದರಿಂದ ಅದು ಅಳಿಯುತ್ತದೆ, ಜೊತೆಗೆ ನಡುವೆಯೇ ಇರುವ ತಗ್ಗಿನ ವಾದ್ಯಗಳೂ ಹೋಗುತ್ತವೆ. 1960ರ ದಶಕದ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರು ಹಾಡಿದ ಏಕವಾಹಿನಿ ಮುದ್ರಣಗಳ ಮೇಲೆ ಇದನ್ನು ಪ್ರಯೋಗಿಸಿದವರಿಗೆ ಇಡೀ ಹಾಡೇ ಮಾಯ! 2019ರಲ್ಲಿ ಡೀಜರ್ ಸಂಸ್ಥೆ ಬಿಡುಗಡೆ ಮಾಡಿದ ಸ್ಪ್ಲೀಟರ್‌ನಂಥ, ಕಲಿಕೆಯಿಂದ ಪಳಗಿಸಿದ ತಂತ್ರಾಂಶಗಳು ದನಿಯನ್ನು ವಾದ್ಯಗಳಿಂದ ಬೇರ್ಪಡಿಸುತ್ತವೆ, ಏಕವಾಹಿನಿಯನ್ನೂ ಬಿಡಿಸಬಲ್ಲವು. ಕಲಿಯಲು ಇದು ವರ. ಬೇರೆ ವಾದ್ಯಗಳ ನಡುವೆ ಹೂತಿರುವ ಪಿಟೀಲಿನ ಸಾಲನ್ನು ಕಿವಿಗೊಟ್ಟು ಹಿಡಿಯಬಹುದು. ಮಾರಾಟಕ್ಕೆ ಮಾತ್ರ ಸಲ್ಲದು, ದನಿ ಅಳಿಸಿದರೂ ಅದು ಕಂಪನಿಯ ಧ್ವನಿಮುದ್ರಣವೇ. ಕವರ್ ಹಾಡನ್ನು ಹೊಸದಾಗಿ ನುಡಿಸಿ ಮುದ್ರಿಸಿ ಮಾರಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ದಾರಿಯಿದೆ. 2012ರಲ್ಲಿ ಸೇರಿದ 31ಸಿ ಕಲಮಿನಂತೆ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡ ಕಟ್ಟಬೇಕು. ತಾಲ್ಲೂಕಿನ ಕಲಾವಿದರಿಗೆ ಈ ಬಾಗಿಲು ತೆರೆದಿದ್ದೂ ಮುಚ್ಚಿದಂತೆ.

ಕಡತದ ಬಾಳಿಕೆಯ ಮಾತಿಗೆ ಬರೋಣ. ನೂರಾರು ಹಾಡುಗಳ ಟ್ರ್ಯಾಕುಗಳೇ ಕೀಬೋರ್ಡ್ ಕಲಾವಿದರ ಆಸ್ತಿ. 1987ರಿಂದ ನಡೆದುಬಂದಿದ್ದ ಕೇಕ್‌ವಾಕ್ ಎಂಬ ತಂತ್ರಾಂಶದ ಕೆಲಸವನ್ನು ಅದರ ಒಡೆತನ ಹೊಂದಿದ್ದ ಗಿಬ್ಸನ್ ಸಂಸ್ಥೆ 2017ರ ನವೆಂಬರಿನಲ್ಲಿ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. 2023ರಲ್ಲಿ ಅದರ ಜಾಗಕ್ಕೆ ಬೇರೆ ತಂತ್ರಾಂಶ ಬರಲಿದೆಯೆಂದು ಪ್ರಕಟಿಸಿತು. ಆರು ವರ್ಷಗಳಲ್ಲಿ ಮೂರು ತಿರುವು. ಮುಕ್ತ ತಂತ್ರಾಂಶವಾದ ಆಡಾಸಿಟಿಯೂ 2021ರಲ್ಲಿ ಮ್ಯೂಸ್ ಗ್ರೂಪ್ ಕೈಗೆ ಹೋಗಿ, ಬಳಕೆದಾರರ ಮಾಹಿತಿ ಸಂಗ್ರಹದ ವಿಚಾರದಲ್ಲಿ ಟೀಕೆಗೆ ಗುರಿಯಾಯಿತು. ಆದರೆ ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಯಾರೂ ಅದಕ್ಕೆ ಬೀಗ ಹಾಕಲಾರರು. ಶಾಲೆಗಳು ಅದನ್ನೇ ಬಳಸಲಿ ಎಂದು ನಾನು ಹೇಳುವುದು ಇದಕ್ಕೇ. ತರಂಗ, ಕಂಪನಾಂಕ, ಅಧ್ಯಾರೋಪಣಗಳನ್ನು ಕಣ್ಣಿಗೆ ತೋರಿಸಲು ಅದಕ್ಕಿಂತ ಸುಲಭ ಸಾಧನ ಬೇಡ. ರೀಪರ್ ಮುಕ್ತವಲ್ಲ, 60 ದಿನ ಪರೀಕ್ಷಿಸಿ ನೋಡಿದ ಮೇಲೆ ಹಣ ಕೊಡಬೇಕು. ಸಣ್ಣ ಆದಾಯದವರಿಗೆ, ಶಾಲೆಗಳಿಗೆ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಅದರ ಹಾಡಿನ ಕಡತ ಸರಳ ಪಠ್ಯ, ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ಕೆಲಸಕ್ಕೆ ಅದನ್ನೇ ಆರಿಸುತ್ತೇನೆ. ಕದ್ದ ಪ್ರತಿ ಪುಕ್ಕಟೆ ಸಿಗುವಾಗ ಇದೇಕೆ ಎನ್ನುವವರಿದ್ದಾರೆ. ತಮ್ಮ ಹಾಡುಗಾರಿಕೆಗೆ ಸಂಘಟಕರು ಪುಕ್ಕಟೆ ಶಾಲು ಹೊದಿಸಿ ಕಳಿಸಿದರೆ ಅವರೇ ಸಿಟ್ಟಾಗುತ್ತಾರೆ. ಯಾವುದನ್ನೇ ಬಳಸಲಿ, ಪ್ರತಿ ವಾದ್ಯವನ್ನೂ ಬೇರೆ ಬೇರೆ ವೇವ್ ಕಡತವಾಗಿ, ಮಿಡಿಯನ್ನು ಪ್ರತ್ಯೇಕವಾಗಿ ಎರಡು ಕಡೆ ಉಳಿಸಿಕೊಳ್ಳಬೇಕು.

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಟ್ರ್ಯಾಕ್ ಚೆನ್ನಾದಷ್ಟೂ ವೇದಿಕೆಯ ಮೇಲಿನ ಜನ ಕಡಿಮೆಯಾಗುತ್ತಾರೆ. ಮೊದಲು ಹೋದವರು ಪಿಟೀಲಿನವರು, ಕೊಳಲಿನವರು, ಆಮೇಲೆ ತಬಲಾದವರು. ರಿದಂ ಪ್ಯಾಡಿನವರನ್ನೂ ಬಿಟ್ಟು ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪು ಎಂಬಲ್ಲಿಗೆ ಬಂದ ತಂಡಗಳೂ ಇವೆ. ತಂತ್ರಾಂಶಗಳ ವಿಮರ್ಶೆಗಳು ಈ ಲೆಕ್ಕವನ್ನು ಹಿಡಿಯುವುದಿಲ್ಲ. ಟ್ರ್ಯಾಕಿಗೆ ಕಾಯುವುದೂ ಗೊತ್ತಿಲ್ಲ. ಚರಣದ ನಡುವೆ ಶಾಸಕರು ವೇದಿಕೆ ಹತ್ತಿದರೆ ವಾದ್ಯಭಾಗವನ್ನು ನಾಲ್ಕು ಆವರ್ತ ಹಿಗ್ಗಿಸಿ ಹಾರ ತುರಾಯಿ ಮುಗಿಯುವವರೆಗೆ ತೂಗಿಸುವುದು, ಗಾಯಕರು ಎರಡನೆಯ ಚರಣ ಮರೆತು ಮೂರನೆಯದಕ್ಕೆ ಹಾರಿದರೆ ಕಣ್ಣಲ್ಲೇ ಹಿಡಿದು ಜೊತೆಗೂಡುವುದು ಮನುಷ್ಯರಿಗೆ ಮಾತ್ರ ಬರುತ್ತದೆ.

ನನ್ನ ಮಿತ್ರರು ಈಗ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಸ್ಟೀರಿಯೋದ ಎಡ ವಾಹಿನಿಯಲ್ಲಿ ಪಿಟೀಲುಗಳ ಗುಂಪು ಮತ್ತು ಕೋರಸ್ ಮಾತ್ರ, ಅದು ಧ್ವನಿವರ್ಧಕಕ್ಕೆ. ಬಲ ವಾಹಿನಿಯಲ್ಲಿ ತಾಳದ ಟಿಕ್ ಟಿಕ್ ಸದ್ದು. ಅದು ರಿದಂ ಪ್ಯಾಡಿನವರ ಕಿವಿಗೆ. ಹಾಡು ದಾರಿ ತಪ್ಪಿದರೆ ಎಡ ವಾಹಿನಿಯನ್ನು ತಗ್ಗಿಸಿ, ಮೂವರೇ ಮುಂದುವರಿಸುತ್ತಾರೆ. ಅವರ ಕಂಪ್ಯೂಟರಿನಲ್ಲಿ ಢೋಲಕ್ಕಿನ ಟ್ರ್ಯಾಕೂ ಇದೆ, ಮನೆಯ ಅಭ್ಯಾಸಕ್ಕೆ. ಪ್ರೋಗ್ರಾಮಿಗೆ ಹೊರಡುವ ಮುನ್ನ ಅದನ್ನು ಮೌನಗೊಳಿಸಿ ಪ್ರತಿ ತೆಗೆದುಕೊಳ್ಳುತ್ತಾರೆ.